ಏಣಿಯ ಮೇಲಿನ ಹಿಮ್ಮಡಿ

ಎಡಗಾಲಿನ ಹಿಮ್ಮಡಿ ಮತ್ತೆ ಮೇಲೆದ್ದಿತು, ಏಣಿಯ ಮೆಟ್ಟಿಲಿನಿಂದ ಒಂದು ಬೆರಳಿನಷ್ಟು, ಅಷ್ಟೇ, ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ಆದರೆ ಅವಳು ನಿಂತ ಜಾಗದಿಂದ ಕಾಣುವುದೇ ಅದು — ಗಂಡನ ಎರಡು ಹಿಮ್ಮಡಿ, ಮಡಚಿದ ಪ್ಯಾಂಟಿನ ಅಂಚು, ಆಮೇಲೆ ತೊಳೆದ ನೀರು ಹಿಡಿಯಲು ಗೋಡೆಯ ಎ.ಸಿ.ಗೆ ಕಟ್ಟಿದ ನೀಲಿ ಪ್ಲಾಸ್ಟಿಕ್ ಚೀಲ, ಚೀಲದಾಚೆ ಎಲ್ಲೋ ಅವನು. ಹೆಂಡತಿಯರು ಗಂಡಂದಿರ ಮುಖ ನೋಡಿ ಮನಸ್ಸು ಓದುತ್ತಾರಂತೆ, ಇವಳ ಪಾಲಿಗೆ ಬಂದದ್ದು ಹಿಮ್ಮಡಿ, ಬಿರುಕು ಬಿಟ್ಟು ಅಂಚಿನಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾದ ಹಿಮ್ಮಡಿ, ಇಷ್ಟು ವರ್ಷ ಅದನ್ನೇ ನೋಡುತ್ತ ನಿಂತು ಅದರ ಅಕ್ಷರಮಾಲೆಯನ್ನೆಲ್ಲ ಕಲಿತಿದ್ದಾಳೆ: ಚಪ್ಪಟೆಯಾಗಿ ಕೂತಿದ್ದರೆ ಕೆಲಸ ಸರಾಗ, ಒಂದಕ್ಕೊಂದು ಉಜ್ಜಿಕೊಂಡರೆ ಒಳಗೆ ಹಲ್ಲಿಯದೋ ಇಲಿಯದೋ ಏನೋ ಸಿಕ್ಕಿದೆ, ಮೇಲೆದ್ದರೆ — ಮೇಲೆದ್ದರೆ ಕೈ ನಡುಗುತ್ತಿದೆ. ಕೈಯ ನಡುಕವನ್ನು ಕಾಲಿನಿಂದ ಹಿಡಿದು ನಿಲ್ಲಿಸಲು ಹೊರಟಿದ್ದಾನೆ, ಎಲ್ಲಿಯ ಕೈ, ಎಲ್ಲಿಯ ಕಾಲು, ಸೂರು ಸೋರಿದರೆ ಕಿಟಕಿ ಮುಚ್ಚಿದ ಹಾಗೆ. ಮೊದಮೊದಲು ಬಲಗೈ ಮಾತ್ರ, ಅದೂ ಬೆಳಿಗ್ಗೆ ಹೊತ್ತು, ಆಗ ಅವನು ಹೇಳಿದ್ದು ಟೀ ಜಾಸ್ತಿ ಆಯ್ತು ಕಣೇ ಅಂತ, ಟೀ ಬಿಟ್ಟ, ನಡುಕ ಅವನನ್ನು ಬಿಡಲಿಲ್ಲ, ಡಾಕ್ಟರ ಹತ್ತಿರ ಹೋಗೋಣ ಅಂದರೆ ಜ್ವರ ಇಲ್ಲ ನೆಗಡಿ ಇಲ್ಲ, ಏನಂತ ಹೇಳ್ಲಿ, ಕೈ ಕುಣೀತಿದೆ ಅಂತ ಹೇಳ್ಲಾ ಅಂದ. ಇವತ್ತಲ್ಲ ನಾಳೆ ಅವನು ಏಣಿಯಿಂದ ಇಳಿಯಲೇಬೇಕು, ಅದು ಅವಳಿಗೂ ಗೊತ್ತು ಅವನ ಹಿಮ್ಮಡಿಗೂ ಗೊತ್ತು, ಇಳಿಯುವುದು ತಾನಾಗಿ ಇಳಿಯಲಿ, ಬಿದ್ದು ಇಳಿಯುವುದು ಬೇಡ, ಯಾರೋ ಗಿರಾಕಿ ಇನ್ನು ನಿಮ್ಮನ್ನ ಕರೆಯಲ್ಲ ಅಂತ ಹೇಳಿ ಇಳಿಸುವುದು ಬೇಡ, ಅಷ್ಟೇ ಅವಳಿಗೆ ಬೇಕಿರುವುದು, ಆದರೆ ಅದನ್ನು ಯಾವ ಬಾಯಲ್ಲಿ ಹೇಳುವುದು.

ಟಕ್. ಮೇಲಿನಿಂದ ಅವನು ಏಣಿಗೆ ಕೊಟ್ಟ ಒಂದು ಬಡಿತ, ಅಂದರೆ ನೀರು. ಅವಳು ಕಾಲಿನ ಹೆಬ್ಬೆರಳಿನಿಂದ ಬ್ಯಾಟರಿ ಪಂಪಿನ ಗುಂಡಿ ಒತ್ತಿದಳು, ಕೈಗಳೆರಡೂ ಚೀಲ ಎತ್ತಿ ಹಿಡಿದಿವೆ, ಚೀಲದ ಕೊಕ್ಕೆ ಮುರಿದು ತಿಂಗಳಾಯಿತು, ಹೊಸ ಚೀಲ ತರೋಣ ತರೋಣ ಅನ್ನುತ್ತಲೇ ಇದ್ದಾರೆ. ಪಂಪು ಬೆಕ್ಕಿನಂತೆ ಗುರುಗುಟ್ಟಿತು, ಮೇಲೆ ನೀರು ತಗಡಿನ ಎಳೆಗಳಿಗೆ ಬಡಿಯುವ ಸದ್ದು, ತೆಳ್ಳನೆಯ ಎಳೆಗಳು, ಪುಸ್ತಕದ ಹಾಳೆಗಳ ಹಾಗೆ ಒತ್ತೊತ್ತಾಗಿ ನಿಂತವು, ನೀರು ನೇರವಾಗಿ ಬಿದ್ದರೆ ಹಾಳೆಗಳ ನಡುವೆ ಹೊಕ್ಕು ಕೊಳೆ ತರುತ್ತದೆ, ಓರೆಯಾಗಿ ಬಿದ್ದರೆ ಹಾಳೆ ಮಡಚಿ ಕೂರುತ್ತದೆ, ಆಮೇಲೆ ಅಲ್ಲಿ ಗಾಳಿ ಹೋಗುವುದಿಲ್ಲ. ಹೋದ ವಾರ ಹಲ್ಲಿನ ಡಾಕ್ಟರ ಮನೆಯಲ್ಲಿ ಅಂಗೈಯಗಲದಷ್ಟು ಮಡಚಿತ್ತು, ಅವನು ಸಣ್ಣ ಬಾಚಣಿಗೆ ಹಿಡಿದು ಒಂದೊಂದೇ ಎಳೆ ನೆಟ್ಟಗೆ ಮಾಡುತ್ತ ಬಿಸಿಲು ಇಳಿಯುವ ತನಕ ನಿಂತಿದ್ದ, ಆ ಡಾಕ್ಟರು ತಲೆಯೆತ್ತಿ ಎಷ್ಟು ಶ್ರದ್ಧೆಯಪ್ಪಾ ಇವರಿಗೆ ಅಂದಿದ್ದರು, ಅವಳು ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ನಡೆದಳು. ಟಕ್ ಟಕ್. ಎರಡು, ಅಂದರೆ ನಿಲ್ಲಿಸು. ಗುಂಡಿಯಿಂದ ಬೆರಳು ತೆಗೆದಳು. ಈ ಬಡಿತದ ಭಾಷೆ ಹುಟ್ಟಿದ್ದು ಅವರ ಮೊದಲನೇ ಗಿರಾಕಿಯ ಮನೆಯಲ್ಲಿ, ನೀರು ಬಿಡೇ ಅಂತ ಅವನು ಮೇಲಿನಿಂದ ಒಂದು ಕೂಗು ಹಾಕಿದ್ದಕ್ಕೆ ಪಕ್ಕದ ಕೋಣೆಯಲ್ಲಿ ಆಗತಾನೇ ಮಲಗಿದ್ದ ಕೂಸು ಎದ್ದು ಮನೆ ಹಾರಿಹೋಗುವಂತೆ ಅತ್ತಿತ್ತು, ಅದರ ತಾಯಿ ಇಬ್ಬರನ್ನೂ ಹಾಗೇ ನುಂಗುವಂತೆ ನೋಡಿದ್ದಳು, ಅವತ್ತು ಸಂಜೆ ಏಣಿಯನ್ನು ನಡುವೆ ಇಟ್ಟುಕೊಂಡು ಕೂತು ಒಂದು ಅಂದ್ರೆ ನೀರು, ಎರಡು ಅಂದ್ರೆ ಸಾಕು ಅಂತ ನಿಶ್ಚಯ ಮಾಡಿಕೊಂಡರು, ಮೂರು ಅಂದ್ರೆ ಅಂತ ಇವಳು ಕೇಳಿದಳು, ಅವನು ನಕ್ಕ, ಆಗ ಅವನ ನಗುವಿಗೆ ಹಲ್ಲೆಲ್ಲ ಕಾಣುತ್ತಿತ್ತು, ಮೂರು ಅಂದ್ರೆ ನನ್ನ ಕೈಲಿ ಆಗಲ್ಲ ಅಂತ ಅಂದ, ಯಾರು ಬಡೀಬೇಕು ಅದನ್ನ ಅಂದಳು, ಯಾರ ಕೈಲಿ ಆಗಲ್ವೋ ಅವರು ಅಂದ, ಅದು ಬೇಕಾಗಲ್ಲ ಬಿಡೇ. ಬೇಕಾಗಲಿಲ್ಲ, ನಿಜ. ಏಣಿಯ ಕಾಲಿನಲ್ಲಿ ಒಂದರ ಗುರುತೂ ಎರಡರ ಗುರುತೂ ಸಾವಿರ ಬಿದ್ದಿವೆ, ಮೂರು ಯಾವತ್ತೂ ಬಿದ್ದಿಲ್ಲ.

ಏನಮ್ಮಾ, ಇದೆಲ್ಲಾ ನಮ್ಮ ಮನೆ ಗಾಳೀಲೇ ಇದ್ದಿದ್ದಾ? — ಬಾಗಿಲಲ್ಲಿ ಟೈಲರಮ್ಮ, ಕೊರಳಲ್ಲಿ ಅಳತೆಯ ಟೇಪು ಜೋತುಬಿದ್ದಿದೆ, ಬಕೆಟ್ಟಿನ ಕಪ್ಪು ನೀರನ್ನು ಬಗ್ಗಿ ನೋಡುತ್ತಿದ್ದಾರೆ, ಸೊಂಟಕ್ಕೆ ಕೈ ಕೊಟ್ಟು. ಗಾಳೀಲಿತ್ತು ಟೈಲರಮ್ಮ, ನಿಮ್ಮ ಹೊಟ್ಟೆ ಸೇರೋ ಬದಲು ಇದ್ರ ಹೊಟ್ಟೆ ಸೇರಿತ್ತು. ಅಯ್ಯೋ ಅದಕ್ಕೇ ಇದು ಇತ್ತೀಚೆಗೆ ಗಾಳಿ ಬಿಡ್ತಿತ್ತೋ ನಿಟ್ಟುಸಿರು ಬಿಡ್ತಿತ್ತೋ ಗೊತ್ತಾಗ್ತಿರಲಿಲ್ಲ, ಹೊಲಿಯೋಕೆ ಕೂತ್ರೆ ನನಗಿಂತ ಜಾಸ್ತಿ ಇದೇ ಸುಸ್ತಾದ ಹಾಗೆ ಮಾಡೋದು. ಅವಳಿಗೆ ನಗು ಬಂತು, ಮೇಲಿನಿಂದ ಅವನೂ ನಕ್ಕಿದ್ದು ಕೇಳಿಸಿತು, ಹಿಮ್ಮಡಿ ಒಂದು ಕ್ಷಣ ಕೆಳಗಿಳಿದು ಮೆಟ್ಟಿಲಿಗೆ ಅಂಟಿತು, ನಗುವಾಗ ಇಳಿಯುತ್ತದೆ, ಹಾಗಾದರೆ ಟೈಲರಮ್ಮ ಇಲ್ಲೇ ಇದ್ದು ಮಾತಾಡುತ್ತಿರಲಿ, ಹೋಗದಿರಲಿ. ಈ ಕೋಣೆಯ ಎ.ಸಿ.ಯ ಜಾಲರಿ ತೆಗೆದಾಗ ಅವಳು ಅದನ್ನು ಕೂಡಲೇ ತೊಳೆದಿರಲಿಲ್ಲ, ಬಚ್ಚಲಿನ ಬೆಳಕಿಗೆ ಹಿಡಿದು ನೋಡಿದ್ದಳು, ಬಟ್ಟೆಯ ನವಿರು ಪದರ ಪದರವಾಗಿ ಕೂತಿತ್ತು, ಮೇಲೆ ಬಿಳಿ, ಅದರಡಿ ನೀಲಿ, ಇನ್ನೂ ಕೆಳಗೆ ಕಂದು, ನದಿ ಹೊತ್ತು ತಂದ ಮಣ್ಣು ವರ್ಷವರ್ಷಕ್ಕೆ ಪದರ ಕಟ್ಟುತ್ತದಲ್ಲ ಹಾಗೆ, ನೀಲಿ ಅಂದರೆ ಶಾಲೆ ತೆರೆಯುವ ಮುಂಚಿನ ದಿನಗಳು, ಯೂನಿಫಾರ್ಮಿನ ಅವಸರ, ಬಿಳಿ ಅಂದರೆ ಈಗ ನಡೆದಿರುವುದು, ಆಸ್ಪತ್ರೆಯವರ ಕೋಟುಗಳು, ಅವೇ ಈಗ ಚೀಲದ ಕೆಳಗಿರುವ ಕತ್ತರಿಸುವ ಮೇಜಿನ ಮೇಲೆ ಅಡ್ಡಡ್ಡ ಪೇರಿಸಿಟ್ಟಿರುವುದು. ಅಷ್ಟು ದೊಡ್ಡ ಮೇಜು ಅಲ್ಲಾಡಿಸಲಾಗುವುದಿಲ್ಲ, ಕೋಟುಗಳನ್ನು ಆಚೆ ಇಡಿ ಅಂದರೆ ಟೈಲರಮ್ಮ ಅವು ಅಳತೆ ಪ್ರಕಾರ ಜೋಡಿಸಿರೋದು ಕಣಮ್ಮ, ಒಂದ್ಸಲ ಕದಡಿದ್ರೆ ಯಾರ ತೋಳು ಯಾರ ಹೆಗಲಿಗೆ ಬರತ್ತೋ ಅಂದರು, ಪ್ಲಾಸ್ಟಿಕ್ ಹೊದಿಸಿದ್ದಾಯಿತು, ಆದರೂ ಚೀಲ ಜಾರಿದರೆ ಹೊದಿಕೆ ಯಾವ ಲೆಕ್ಕ, ಕಪ್ಪು ನೀರಿಗೆ ಒಂದು ಸಂದು ಸಾಕು.

ಚೀಲದ ಮಡಿಕೆಯಲ್ಲಿ ನೀರು ಇಳಿಯುವುದನ್ನು ನೋಡುತ್ತಿದ್ದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ, ಮೊದಲು ಮಸಿ, ಆಮೇಲೆ ಬೂದಿ, ಆಮೇಲೆ ಅಕ್ಕಿ ತೊಳೆದ ನೀರು, ಕೊನೆಗೆ ಬರೀ ನೀರು, ಮದುವೆಗೆ ಮುಂಚೆ ಅವಳು ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಜೋಡಿಸುವ ಕೆಲಸದಲ್ಲಿದ್ದಳು, ಅಲ್ಲಿಯೂ ಹೀಗೇ ಬಣ್ಣ ಬದಲಾಗುವುದನ್ನು ಕಾಯುವುದು, ಉದ್ದನೆಯ ಕೊಳವೆಯ ತುದಿಯಲ್ಲಿ ಒಂದು ಹನಿ ಕೂತಿರುತ್ತದೆ, ಬೀಳುವುದಿಲ್ಲ, ತನ್ನ ಭಾರಕ್ಕೂ ತನ್ನ ಬಿಗಿತಕ್ಕೂ ನಡುವೆ ರಾಜಿ ಮಾಡಿಕೊಂಡು ನಡುಗುತ್ತ ಕೂತಿರುತ್ತದೆ, ಹುಡುಗರ ಕೈ ಅಲ್ಲಾಡಿ ಹೆಚ್ಚು ಬಿದ್ದುಬಿಡುತ್ತಿತ್ತು, ಆಗ ಮೇಡಂ ಇವಳನ್ನೇ ಕರೆಯುತ್ತಿದ್ದರು, ನೀನು ಮಾಡಿ ತೋರಿಸಮ್ಮ, ನಿನ್ನ ಕೈ ಕಲ್ಲಿನ ಹಾಗೆ. ಕಲ್ಲಿನ ಹಾಗಿನ ಕೈ ಈಗ ಚೀಲ ಹಿಡಿದಿದೆ. ಅವನ ಕೈಯೂ ಕಲ್ಲಿನ ಹಾಗೆ ಇತ್ತು, ಇಲ್ಲ, ಕಲ್ಲಿಗಿಂತ ಚೆನ್ನಾಗಿತ್ತು, ಕಲ್ಲಿಗೆ ಮೆದುವಾಗಿ ಮುಟ್ಟಲು ಬರುವುದಿಲ್ಲ. ಮಾವನದೂ ಹೀಗೇ ಶುರುವಾಗಿತ್ತಂತೆ, ಇವಳು ಸೊಸೆಯಾಗಿ ಬರುವ ಹೊತ್ತಿಗೆ ಮಾವನ ಕೈ ಗಾಳಿಗೆ ಸಿಕ್ಕ ಎಲೆ, ಹೊಸ ಸೊಸೆ ಮೊದಲ ದಿನ ಲೋಟದ ತುಂಬ ಕಾಫಿ ತಂದು ಕೊಟ್ಟಳು, ಮಾವ ಅದನ್ನು ನೋಡಿದರು, ಮುಟ್ಟಲಿಲ್ಲ, ಆರಿದ ಮೇಲೆ ಕುಡೀತೀನಮ್ಮ ಅಂದರು, ಅತ್ತೆ ಒಳಗಿನಿಂದ ಬಂದು ಏನೂ ಆಗದವರ ಹಾಗೆ ಆ ಲೋಟದಿಂದ ಅರ್ಧ ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು ನನಗೂ ಬೇಕಿತ್ತು ಅಂದುಬಿಟ್ಟರು. ಆಮೇಲೆ ಅಡಿಗೆಮನೆಯಲ್ಲಿ ಪಿಸುದನಿಯಲ್ಲಿ, ತುಂಬಿದ ಕೊಡ ತುಳುಕಲ್ಲ ಅಂತ ಗಾದೆ ಮಾಡಿದೋರು ನಿನ್ನ ಮಾವನಿಗೆ ಕಾಫಿ ಕೊಟ್ಟಿರಲಿಲ್ಲ ಕಣೇ, ಅರ್ಧ ಲೋಟ ಕೊಡು, ಎರಡು ಸಲ ಕೊಡು, ಯಾಕೆ ಅಂತ ಮಾತ್ರ ಅವರ ಮುಂದೆ ಕೇಳ್ಬೇಡ. ಅತ್ತೆಗೆ ಕಾಫಿ ಆಗುತ್ತಿರಲಿಲ್ಲ, ಎದೆ ಉರಿ, ಆದರೂ ಆ ಮನುಷ್ಯ ಇರುವ ತನಕ ದಿನವೂ ಆ ಅರ್ಧ ಲೋಟ ಕುಡಿದರು, ಮುಖ ಕೂಡ ಕಿವುಚಲಿಲ್ಲ.

ಟಿಣ್. ಚೀಲದೊಳಗೆ ಏನೋ ಉರುಳಿ ಮಡಿಕೆಯಲ್ಲಿ ಜಾರಿ ಬಕೆಟ್ಟಿಗೆ ಬಿತ್ತು. ಏನ್ರೀ ಅದು? ಸ್ಕ್ರೂ ಅಂದ ಅವನು. ಯಾವ ಸ್ಕ್ರೂ ಅಂತ ಅವಳು ಕೇಳಬೇಕಿರಲಿಲ್ಲ, ಗಾಳಿ ಬೀಸುವ ಉದ್ದನೆಯ ಉರುಳೆಯನ್ನು ಮೋಟಾರಿನ ಕಡ್ಡಿಗೆ ಬಿಗಿಯುವ ಸ್ಕ್ರೂ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಉರುಳೆಗೆ ಟೈಲರಮ್ಮನ ಮನೆಯ ದಾರವೆಲ್ಲ ಸುತ್ತಿಕೊಂಡಿತ್ತೆಂದು ಆಗಲೇ ಅದನ್ನು ಬಿಚ್ಚಿ ಕೆಳಗೆ ಕೊಟ್ಟಿದ್ದ, ಅವಳು ಕೊಕ್ಕೆಯಿಂದ ದಾರ ಬಿಡಿಸಿ ಉಜ್ಜಿ ತೊಳೆದು ಮೇಲೆ ಕೊಟ್ಟಿದ್ದಳು, ಈಗ ಅದನ್ನು ಮತ್ತೆ ಕೂರಿಸಿ ಬಿಗಿಯುವ ಹೊತ್ತು. ಆ ಸ್ಕ್ರೂವನ್ನು ಯಾರೂ ಪೂರ್ತಿ ಬಿಚ್ಚುವುದಿಲ್ಲ, ಅದೇ ಈ ಕಸುಬಿನ ಮೊದಲ ಪಾಠ, ಉರುಳೆ ಸಡಿಲವಾಗುವಷ್ಟು ಮಾತ್ರ ತಿರುಗಿಸಿ ಸ್ಕ್ರೂ ತನ್ನ ತೂತಿನಲ್ಲೇ ನಿಲ್ಲುವಂತೆ ಬಿಡಬೇಕು, ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ತಿಳಿಯಬೇಕು, ಬೆರಳು ಅದನ್ನು ಮರೆತಿದೆ, ಅಥವಾ ಬೆರಳಿಗೆ ನೆನಪಿದೆ, ನಡುಕಕ್ಕೆ ಪಾಠ ಹೇಳಿಕೊಟ್ಟವರಿಲ್ಲ. ಅವಳು ಒಂದು ಕೈಯಲ್ಲಿ ಚೀಲ ಹಿಡಿದೇ ಇನ್ನೊಂದನ್ನು ಮೊಣಕೈವರೆಗೆ ಕಪ್ಪು ನೀರಿಗೆ ಇಳಿಸಿ ತಡಕಾಡಿದಳು, ಕೆಸರು, ದಾರದ ತುಣುಕು, ಒಂದು ಗುಂಡಿ, ಸ್ಕ್ರೂ ಇಲ್ಲ. ಟೈಲರಮ್ಮ ನಾಲಿಗೆ ಲೊಚಗುಟ್ಟಿದರು, ಇರಮ್ಮ ಇರು, ಹೀಗೆ ಹುಡುಕಿದ್ರೆ ನಾಳೆಗೂ ಸಿಗಲ್ಲ, ಗುಂಡುಸೂಜಿ ಡಬ್ಬಿಯಿಂದ ಅಯಸ್ಕಾಂತ ತಂದರು, ಅದಕ್ಕೊಂದು ಲಾಡಿ ಕಟ್ಟಿತ್ತು, ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಬಕೆಟ್ಟಿಗೆ ಬಿಟ್ಟರು, ಎತ್ತಿದರೆ ಎರಡು ಗುಂಡುಸೂಜಿಯ ಜೊತೆ ಸ್ಕ್ರೂ ಮೀಸೆಯ ಹಾಗೆ ಅಂಟಿಕೊಂಡಿತ್ತು. ನೋಡಿ, ನನ್ನ ಸೂಜಿಗಳೂ ಗಾಳಿ ಸವಾರಿ ಹೋಗಿದ್ವು. ಅವಳು ಸ್ಕ್ರೂವನ್ನು ಸೆರಗಿಗೆ ಒರೆಸಿ ಮೇಲೆ ಚಾಚಿದಳು, ಅವನ ಕೈ ಕೆಳಗೆ ಬಂತು, ಅಂಗೈ ಬಟ್ಟಲು ಮಾಡಿ ಬಂತು, ಬೆರಳಿನಿಂದ ತೆಗೆದುಕೊಳ್ಳಲಿಲ್ಲ, ಬಟ್ಟಲಿಗೇ ಹಾಕಿಸಿಕೊಂಡ, ಅರ್ಧ ಲೋಟ.

ಹಿಮ್ಮಡಿ ಎದ್ದಿತು. ಎಡದ್ದು, ಆಮೇಲೆ ಬಲದ್ದೂ, ಎರಡೂ ಹಿಮ್ಮಡಿ ಎದ್ದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ, ಅವನು ಬೆರಳ ತುದಿಯ ಮೇಲೆ ನಿಂತಿದ್ದಾನೆ, ಎಡಗೈಯಲ್ಲಿ ಉರುಳೆಯನ್ನು ಎತ್ತಿ ಹಿಡಿದು ಬಲಗೈಯಲ್ಲಿ ಉದ್ದ ಸ್ಕ್ರೂಡ್ರೈವರಿನ ತುದಿಗೆ ಅಕ್ಕಿಕಾಳು ಅಂಟಿಸಿ ಕಾಣದ ತೂತಿಗೆ ಗುರಿಯಿಟ್ಟು, ಗುರಿ ಇಟ್ಟಷ್ಟೂ ನಡುಕ ಹೆಚ್ಚು, ಅದೇ ಈ ನಡುಕದ ಗುಣ, ಸುಮ್ಮನಿದ್ದಾಗ ಸಾಧು, ಕೆಲಸ ಹೇಳಿದರೆ ಮೊಂಡು, ಏಣಿಯ ಕಾಲು ನೆಲದ ಮೇಲೆ ಸಣ್ಣಗೆ ಕಿರ್ ಅಂದಿತು, ಟಿಣ್. ಮತ್ತೆ. ಈ ಸಲ ಟೈಲರಮ್ಮ ಬಾಗಿಲಲ್ಲಿ ನಿಂತು ಕೊರಳಿನ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮೇಲೆ ನೋಡಿದರು, ಆಮೇಲೆ ಬೇಕೆಂದೇ ಕಿಟಕಿಯಾಚೆ ನೋಡಿದರು. ಮೂರು ಬಡೀರಿ, ಬಡೀರಿ ಅಂದುಕೊಂಡಳು ಅವಳು, ನೀವೇ ಹೇಳಿದ್ದಲ್ಲವಾ ಯಾರ ಕೈಲಿ ಆಗಲ್ವೋ ಅವರು ಅಂತ. ಬಡಿಯುವುದಿಲ್ಲ ಅವನು. ಬಿದ್ದಾನು, ಬಡಿಯಲಾರ. ಈಗ ಅವನು ಏನು ಹೇಳುತ್ತಾನೆಂದು ಅವಳಿಗೆ ಗೊತ್ತು, ಸ್ಕ್ರೂನೇ ಸವೆದಿದೆ ಅನ್ನುತ್ತಾನೆ, ನಾಳೆ ಹೊಸದು ತಂದು ಹಾಕ್ತೀನಿ ಅನ್ನುತ್ತಾನೆ, ನಾಳೆ ಬರುತ್ತಾರೆ, ಮತ್ತೆ ಹಿಮ್ಮಡಿ ಏಳುತ್ತದೆ, ಒಂದು ದಿನ ಹಿಮ್ಮಡಿಯ ಜೊತೆ ಏಣಿಯೂ ಏಳುತ್ತದೆ. ಅವನ ಪರವಾಗಿ ಅವಳು ಬಡಿಯುವಂತಿಲ್ಲ, ಆ ಭಾಷೆಯಲ್ಲಿ ನಿನ್ನ ಕೈಲಿ ಆಗಲ್ಲ ಅನ್ನುವ ಮಾತೇ ಇಲ್ಲ, ಇರುವುದು ನನ್ನ ಕೈಲಿ ಆಗಲ್ಲ ಅನ್ನುವುದೊಂದೇ — ನನಗೂ ಬೇಕಿತ್ತು ಅಂದರು ಅತ್ತೆ, ಎದೆ ಉರಿಯುವ ಕಾಫಿಯನ್ನು, ಮುಖ ಕಿವುಚದೆ — ನನ್ನ ಕೈಲಿ. ನನ್ನ. ಅವಳು ಚೀಲದ ಅಂಚನ್ನು ಹಿಡಿದಿದ್ದ ಗೆಣ್ಣುಗಳನ್ನು ಏಣಿಯ ಕಾಲಿಗೆ ತಂದಳು, ಟಕ್, ಟಕ್, ಇಲ್ಲಿಯವರೆಗೆ ಹಳೆಯ ಭಾಷೆ, ಇಲ್ಲಿಗೆ ನಿಲ್ಲಿಸಬಹುದು, ನಿಲ್ಲಿಸಿದರೆ ಬರೀ ಸಾಕು ಅಂತಾಗುತ್ತದೆ, ಟಕ್.

ಮೇಲೆ ಎಲ್ಲ ನಿಂತಿತು. ಚೀಲದ ಅಂಚಿನಿಂದ ಅವನ ಮುಖ ಬಗ್ಗಿ ನೋಡಿತು, ಹಣೆಯ ಮೇಲೆ ನೊರೆ, ಹುಬ್ಬಿನಲ್ಲಿ ಒಂದು ಬಿಳಿ ದಾರ. ಏನಾಯ್ತೇ? ನನ್ನ ಕೈಲಿ ಆಗ್ತಿಲ್ಲ ರೀ, ಭುಜ ಹಿಡ್ಕೊಂಡುಬಿಟ್ಟಿದೆ, ಇನ್ನೊಂದು ನಿಮಿಷ ಹಿಡಿದ್ರೆ ಚೀಲ ಬಿಟ್ಟುಬಿಡ್ತೀನಿ, ಕೋಟೆಲ್ಲಾ ಹಾಳಾಗತ್ತೆ, ನೀವು ಬಂದು ಚೀಲ ಹಿಡೀರಿ, ಅದೊಂದು ಸ್ಕ್ರೂ ತಾನೆ, ನಾನು ಹಾಕ್ತೀನಿ. ಹೇಳಿ ಮುಗಿಸಿದ ಮೇಲೆ ಅವಳಿಗೇ ಕೇಳಿಸಿತು ಎಂಥ ಸುಳ್ಳು ಅಂತ, ತಲೆಬುಡ ಇಲ್ಲದ್ದು, ಟೈಲರಮ್ಮ ಬಿಡುತ್ತಾರೆಯೇ, ಏನಮ್ಮಾ ನೀನು, ಭುಜ ನೋಯೋಳು ಏಣಿ ಹತ್ತೋದಾ, ಹಲ್ಲು ನೋಯ್ತಿದೆ ಕಡಲೆ ಕೊಡಿ ಅಂದ ಹಾಗಾಯ್ತು. ಇದು ಬೇರೆ ಭುಜ ಟೈಲರಮ್ಮ, ಎತ್ತಿ ಹಿಡಿದ್ರೆ ಮಾತ್ರ ನೋಯತ್ತೆ. ಓಹೋ ಅಂದರು ಟೈಲರಮ್ಮ, ಅವಳನ್ನು ನೋಡಿದರು, ಮೇಲೆ ಅವನನ್ನು ನೋಡಿದರು, ಟೇಪನ್ನು ಬೆರಳಿನಿಂದ ಬಿಚ್ಚಿದರು, ಹಾಗಾದ್ರೆ ಸರಿ ಬಿಡಿ, ನನ್ನ ಯಜಮಾನರಿಗೂ ಅಂಥದ್ದೇ ಒಂದು ಸೊಂಟ ಇತ್ತು, ನನಗೆ ಮಾತ್ರ ಅರ್ಥ ಆಗೋದು, ಅಯಸ್ಕಾಂತ ಅಲ್ಲೇ ಇದೆ ತಗೋ ಅಂದು ಒಳಗೆ ಹೋದರು. ಅವನಿಗೆ ಗೊತ್ತು, ಗೊತ್ತಿಲ್ಲದಿದ್ದರೆ ಅವನು ಮಾವನ ಮಗನೇ ಅಲ್ಲ, ಅರ್ಧ ಲೋಟಗಳ ಮನೆಯಲ್ಲಿ ಬೆಳೆದವನು, ಈಗ ಬೈಯುತ್ತಾನೆ, ಅಥವಾ ನಾನೇ ಮಾಡ್ತೀನಿ ಸುಮ್ನಿರೇ ಅನ್ನುತ್ತಾನೆ, ಉರುಳೆಯನ್ನು ಮೆಲ್ಲಗೆ ಅದರ ತೊಟ್ಟಿಲಿನಲ್ಲಿ ಒರಗಿಸಿದ್ದು ಕೇಳಿಸಿತು, ಹಿಮ್ಮಡಿ ಒಂದು ಮೆಟ್ಟಿಲು ಇಳಿಯಿತು, ಇನ್ನೊಂದು, ನೆಲಕ್ಕೆ ಬಂತು, ನೆಲದ ಮೇಲೆ ಹಿಮ್ಮಡಿ ಬರೀ ಹಿಮ್ಮಡಿ, ಅದರಲ್ಲಿ ಓದಲು ಏನೂ ಇಲ್ಲ. ಸ್ಕ್ರೂಡ್ರೈವರನ್ನು ಹಿಡಿಕೆ ಮುಂದೆ ಮಾಡಿ ಕೊಟ್ಟ. ಮುಖ ನೋಡಲಿಲ್ಲ. ಆ ಭುಜಕ್ಕೆ ಎಣ್ಣೆ ಹಚ್ತೀನಿ ಮನೆಗೆ ಹೋದ ಮೇಲೆ ಅಂದ. ಹೂಂ ಅಂದಳು. ಹಚ್ಚಿಸಿಕೊಳ್ಳಬೇಕು ಈಗ, ದಿನವೂ, ನೋಯದ ಭುಜಕ್ಕೆ, ಮುಖ ಕಿವುಚದೆ.

ಮೇಲೆ ಗಾಳಿಯೇ ಬೇರೆ, ಬಿಸಿಯ ಸೆಕೆ ಚಾವಣಿಗೆ ಕಟ್ಟಿಕೊಂಡಿದೆ, ಕೆಳಗಿದ್ದವರಿಗೆ ಇದು ತಿಳಿಯುವುದೇ ಇಲ್ಲ, ಹಗುರವಾದದ್ದು ಮೇಲೇರುತ್ತದೆ ಎಂದು ಓದಿದ್ದಳು, ಅವನು ಅದರಲ್ಲಿ ತಲೆಯಿಟ್ಟು ಇಷ್ಟು ವರ್ಷ ನಿಂತಿದ್ದಾನೆ ಎಂದು ಓದಿರಲಿಲ್ಲ. ತೊಳೆದ ತಗಡಿನ ಎಳೆಗಳು ಹೊಳೆಯುತ್ತಿವೆ, ಎಳೆ ಎಳೆಯ ನಡುವೆ ಬೆಳಕು, ಒಂದೇ ಒಂದು ಮೂಲೆಯಲ್ಲಿ ಉಗುರಿನಗಲ ಮಡಚಿದೆ, ಆಮೇಲೆ ಬಾಚಬೇಕು, ಅದನ್ನು ಅವನಿಗೆ ಹೇಳಬೇಕಾಗಿಲ್ಲ. ಮನೆಯ ಹಿತ್ತಲ ಗೋಡೆಗೆ ತೂಗುಹಾಕಿದ ಹಳೆಯ ಎ.ಸಿ.ಯಲ್ಲಿ ಅವನೇ ಕಲಿಸಿದ್ದ, ಮೋಟಾರಿಗೆ ಉರುಳೆಯನ್ನು ಪೂರ್ತಿ ಒತ್ತಬಾರದು, ಒತ್ತಿದ್ರೆ ಉಜ್ಜತ್ತೆ, ಹಿಂದೆ ಎಳೆದ್ರೆ ಆ ಕಡೆ ಉಜ್ಜತ್ತೆ, ಮಧ್ಯ ಇರ್ಬೇಕು, ಗಂಡ ಹೆಂಡ್ತಿ ಹಾಗೆ, ಕೂಗಾಡಿದ್ರೂ ತಾಗಬಾರದು. ಅವಳು ಉರುಳೆ ಎತ್ತಿ ಕಡ್ಡಿಗೆ ಸೇರಿಸಿದಳು, ಬೆರಳಿನಿಂದ ತಿರುಗಿಸಿದಳು, ಸದ್ದಿಲ್ಲ, ಅಯಸ್ಕಾಂತದಿಂದ ಬಕೆಟ್ಟಿನಿಂದ ಮತ್ತೆ ಎತ್ತಿ ತಂದಿದ್ದ ಸ್ಕ್ರೂವನ್ನು ತುದಿಗೆ ಅಂಟಿಸಿ ಉರುಳೆಯ ಸಂದಿಯೊಳಗೆ ಇಳಿಸಿದಳು, ತೂತು ಕಾಣುವುದಿಲ್ಲ, ಕಂಡ ಹಾಗಾಗುತ್ತದೆ, ಇಲ್ಲ, ತಗಡು ಮುಟ್ಟಿತು, ಸ್ವಲ್ಪ ಆಚೆ, ಉಸಿರು ಹಿಡಿದಳು, ಕೊಳವೆಯ ತುದಿಯ ಹನಿ, ಬೀಳದೆ ಕೂತದ್ದು, ನಿನ್ನ ಕೈ ಕಲ್ಲಿನ ಹಾಗೆ, ಕೆಳಗೆ ಚೀಲ ಅಲುಗುವ ಸರಸರ ಸದ್ದು, ಅವನ ಕೈಯಲ್ಲಿ ಚೀಲ ಸಣ್ಣಗೆ ಅಲುಗುತ್ತಲೇ ಇರುತ್ತದೆ ಇನ್ನು, ಅಲುಗಲಿ, ಅಲುಗಿದರೂ ನೀರು ಕೆಳಗೇ ಹೋಗುತ್ತದೆ, ಚೀಲಕ್ಕೆ ಗುರಿ ಬೇಕಿಲ್ಲ, ಮತ್ತೆ ತಗಡು, ಅಲ್ಲ, ಇನ್ನೂ ಒಂದು ಕೂದಲೆಳೆ ಎಡಕ್ಕೆ, ಅವನು ಈಗ ಏನು ನೋಡುತ್ತಿದ್ದಾನೆ, ಅಲ್ಲಿ ನಿಂತವರಿಗೆ ಕಾಣುವುದು ಒಂದೇ, ಅವಳಿಗೆ ತನ್ನ ಹಿಮ್ಮಡಿ ಹೇಗಿದೆಯೆಂದು ಗೊತ್ತಿಲ್ಲ, ಬಿರುಕು ಬಿಟ್ಟಿದೆಯೋ, ಸೀರೆಯ ಅಂಚಿಗೆ ಮುಚ್ಚಿದೆಯೋ, ಕೂತಿದೆಯೋ ಎದ್ದಿದೆಯೋ, ಕೆಳಗಿನಿಂದ ಅದನ್ನು ಯಾರೂ ಈವರೆಗೆ ನೋಡಿಲ್ಲ, ಓದಿಲ್ಲ, ಓದಲು ಅವನಿಗೆ ಬರುತ್ತದೆಯೇ — ಎಡಗಾಲಿಗೆ ಏನೋ ತಾಗಿತು. ಹೆಬ್ಬೆರಳು. ಅವನ ಕೈಯ ಹೆಬ್ಬೆರಳು ಅವಳ ಹಿಮ್ಮಡಿಯ ಮೇಲೆ, ಒದ್ದೆ, ಬಿಸಿ, ಮೆಲ್ಲಗೆ ಒತ್ತಿತು, ಆಗ ಗೊತ್ತಾಯಿತು ಅವಳಿಗೆ ಅದು ಎದ್ದಿತ್ತು ಅಂತ, ಒತ್ತಿ ಮೆಟ್ಟಿಲಿಗೆ ಕೂರಿಸಿತು, ಹಾಗಾದರೆ ಗೊತ್ತಿತ್ತು ಅವನಿಗೆ, ಅವಳು ಏನು ಓದುತ್ತಿದ್ದಳೆಂದು ಗೊತ್ತಿತ್ತು, ಯಾವಾಗಿನಿಂದ, ಸ್ಕ್ರೂ ತನ್ನ ತೂತಿಗೆ ಕೂತಿತು, ತಿರುಗಿತು, ಬಿಗಿಯಾಯಿತು, ಹೆಬ್ಬೆರಳು ತೆಗೆಯಲಿಲ್ಲ ಅವನು, ಅದು ಅಲ್ಲೇ ಇತ್ತು, ನಡುಗುತ್ತ, ಬಚ್ಚಿಡದೆ ನಡುಗುತ್ತ, ಅವಳ ಹಿಮ್ಮಡಿಯ ಮೇಲೆ.